ಅರವತ್ತನೆಯ ಚೀಟಿ

ಪಿಳ್ಳಮ್ಮ ಬೈಯಲು ಕೂತರೆ ಮೊರದ ತುಂಬ ಅವರೆಕಾಯಿ ಸುಲಿದು ಮುಗಿಯುವವರೆಗೂ ನಿಲ್ಲಿಸುವವಳಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಚಾಮರಾಜಪೇಟೆಯ ಅವರ ಮನೆಗೆ ಅವರೆಕಾಯಿ ದಿನಾ ಬರುತ್ತಿತ್ತು, ಬೈಗುಳವೂ ದಿನಾ ಇತ್ತು. ಬೈಸಿಕೊಳ್ಳುವವರು ಅವಳ ಗಂಡ ರಾಮಾಂಜಿನಪ್ಪ. ಎಪ್ಪತ್ತೆರಡು ವರ್ಷದ ಹಳೆಯ ಪೈಲ್ವಾನರು, ಪಕ್ಕದ ಬೀದಿಯ ಗರಡಿಮನೆಗೆ ಉಸ್ತಾದರು. ಪೇಟೆಯ ಪುಂಡರೆಲ್ಲ ಅವರನ್ನು ಕಂಡರೆ ಬೀಡಿ ಬಚ್ಚಿಡುತ್ತಿದ್ದರು. ಹೆಂಡತಿಯ ಎದುರು ಮಾತ್ರ ಅವರು ಕಾಯಿ ಸುಲಿಯುವ ಆಳು.

“ಎಂಟು ವರ್ಷದ ಮಗೀಗೆ ಬಸ್ಕಿ ಕಲಿಸ್ದೆ. ಒಂಬತ್ತು ವರ್ಷ ಒಂದು ಬೆಳಿಗ್ಗೆ ತಪ್ಪಿಸ್ಲಿಲ್ಲ. ಅದೇನ್ ರೋಗ ಬಂತಯ್ಯ ನಿಂಗೆ, ಆಷಾಢದಾಗೆ ಇದ್ದಕ್ಕಿದ್ದಂಗೆ ಕೈಬಿಟ್ಟೆ! ಕಾರ್ತೀಕದಾಗೆ ಕಾಲು ಹೋಯ್ತು. ಗರಡಿ ಹುಡುಗ್ರು ಬೀಳ್ದಂಗೆ ನೋಡ್ಕೊಂತೀಯ, ಮನೆ ಕೂಸು ಬಿದ್ರೆ ನಿಂಗೇನು?”

“ಹ್ಞೂಂ ಕಣೇ. ನಂದೇ ತಪ್ಪು,” ಎಂದು ರಾಮಾಂಜಿನಪ್ಪ ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡರು.

ಒಳಗೆ ಸೊಸೆ ಮಾಧವಿ ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು. ಮಾವನ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಕೈ ನಿಂತುಬಿಡುತ್ತಿತ್ತು. ತಪ್ಪು ಅವರದಲ್ಲ ಎಂಬುದು ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಮಾಡಿದ ಅವಳಿಗೆ, ಬೈಸಿಕೊಳ್ಳುತ್ತಿದ್ದ ಅವರಿಗೆ.

ಮಾಧವಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಆಟ ಆಡಿಸುವ ಮೇಡಂ. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದ್ದಳು. ಖೋಖೋ ಆಡುವ ಹುಡುಗಿಯರ ಮೊಣಕಾಲು ಹುಡುಗರಿಗಿಂತ ಹೆಚ್ಚು ಹಾಳಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದು ಅವಳ ವಿಷಯ. ಆಟಕ್ಕೆ ಮೊದಲು ಹದಿನೈದು ನಿಮಿಷದ ಕೆಲವು ವ್ಯಾಯಾಮ ಮಾಡಿಸಬೇಕು. ಒಂಟಿಕಾಲಲ್ಲಿ ನಿಲ್ಲಬೇಕು, ಮಂಡಿ ಒಳಕ್ಕೆ ವಾಲದ ಹಾಗೆ ಕೂತು ಏಳಬೇಕು, ಎತ್ತರದಿಂದ ಹಾರಿ ಸದ್ದಿಲ್ಲದೆ ಇಳಿಯಬೇಕು. ಹಾಗೆ ಮಾಡಿದವರ ಕಾಲು ಉಳಿಯುತ್ತದೆಯೇ? ಉಳಿಯುತ್ತದೆ ಎಂದು ಬಾಯಲ್ಲಿ ಹೇಳಿದರೆ ವಿಶ್ವವಿದ್ಯಾಲಯ ಕೇಳುವುದಿಲ್ಲ. ಅರವತ್ತು ಹುಡುಗಿಯರು ಬೇಕು. ಮೂವತ್ತು ಜನ ಮಾಡಬೇಕು, ಅದು ಎ ಗುಂಪು. ಮೂವತ್ತು ಜನ ಮಾಡಬಾರದು, ಅದು ಬಿ ಗುಂಪು. ಆರು ತಿಂಗಳಾದ ಮೇಲೆ ಯಾವ ಗುಂಪಿನಲ್ಲಿ ಎಷ್ಟು ಕಾಲು ಹೋಯಿತೆಂದು ಎಣಿಸಬೇಕು.

ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು, ಮೇಡಂಗೆ ಬೇಕಾದವರು ಬೇಡವಾದವರು ಎಂಬ ಮಾತು ಬರಬಾರದು. ಐವತ್ತೊಂಬತ್ತು ಹೆಸರು ಸಿಕ್ಕಿದವು. ಅರವತ್ತನೆಯದಾಗಿ ತನ್ನದೇ ಕಾಲೇಜಿನ ತಂಡದಲ್ಲಿ ಆಡುತ್ತಿದ್ದ ಮಗಳು ಯಮುನಾಳ ಹೆಸರು ಬರೆದಳು. ಜೊತೆಯ ಇಂಗ್ಲಿಷ್ ಮೇಡಂ ಚೂಡಾಮಣಿ, “ಮಗಳ ಹೆಸರಿಗೆ ಚೀಟಿ ಯಾಕ್ರೀ, ಸುಮ್ನೆ ಎ ಗುಂಪಿಗೆ ಹಾಕ್ಕೊಳ್ಳಿ,” ಅಂದರು. ಮಾಧವಿಗೆ ಸಿಟ್ಟು ಬಂತು. “ನನ್ ಮಗಳಿಗೊಂದು ನ್ಯಾಯ, ಬೇರೆಯವರ ಮಕ್ಕಳಿಗೊಂದು ನ್ಯಾಯಾನಾ ಮೇಡಂ?” ಎಂದಳು. ಯಮುನಾಳ ಪಾಲಿಗೆ ಡಬ್ಬಿಯಲ್ಲಿ ಉಳಿದದ್ದು ಬಿ ಚೀಟಿ.

ಅಲ್ಲಿಗೆ ನಿಂತಿದ್ದರೆ ಇದು ಕಥೆಯಾಗುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳು ಗರಡಿಯ ಮಣ್ಣು ತುಳಿಯುವಂತಿಲ್ಲವೆಂದು ರಾಮಾಂಜಿನಪ್ಪ ಮೊಮ್ಮಗಳಿಗೆ ಮನೆಯ ತಾರಸಿಯ ಮೇಲೆ ಸಾಮು ಕಲಿಸುತ್ತಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಬಸ್ಕಿ, ಒಂಟಿಕಾಲು, ನೀರಿನ ತೊಟ್ಟಿಯ ಮೆಟ್ಟಿಲಿನಿಂದ ಹಾರುವುದು. “ಬೆಕ್ಕಿನಂಗೆ ಇಳೀಬೇಕು ಮಗಾ, ಕೆಳಗಡೆ ನಿಮ್ಮಜ್ಜಿಗೆ ಕೇಳ್ಬಾರ್ದು,” ಎಂದು ಅವರು ಅನ್ನುವುದನ್ನು ಕೇಳಿ ಕೇಳಿಯೇ ಮಾಧವಿಗೆ ತನ್ನ ಸಂಶೋಧನೆಯ ವಿಷಯ ಹೊಳೆದದ್ದು. ಈಗ ಅದೇ ತೊಡಕಾಯಿತು. ಬಿ ಗುಂಪಿನ ಹುಡುಗಿ ಮನೆಯಲ್ಲಿ ಅದೇ ವ್ಯಾಯಾಮ ಮಾಡಿದರೆ ಲೆಕ್ಕ ಕೆಡುತ್ತದೆ.

ಆಷಾಢದ ಒಂದು ಬೆಳಿಗ್ಗೆ ಅವಳು ಮಾವನ ಹತ್ತಿರ ಹೋದಳು. “ಮಾವ, ಆರು ತಿಂಗಳು ಯಮುನಾಗೆ ಸಾಮು ಬೇಡ. ನನ್ ಓದಿಗೆ ತೊಂದ್ರೆ ಆಗತ್ತೆ. ಯಾಕೆ ಅಂತ ಅವಳಿಗೆ ಹೇಳ್ಬೇಡಿ, ಹೇಳಿದ್ರೆ ಅವಳೇ ಮಾಡ್ಕೋತಾಳೆ. ಮನೇಲಿ ಯಾರಿಗೂ ಬೇಡ.”

“ಅಲ್ಲ ತಾಯಿ, ಸೀಸನ್ ಬರ್ತಾ ಐತೆ. ಈವಾಗ್ಲೇ ಅಲ್ವಾ ಬೇಕಾಗಿರೋದು?”

“ಆರೇ ತಿಂಗಳು ಮಾವ.”

ಮಾಧವಿ ಡಾಕ್ಟರಾಗುತ್ತಾಳೆ ಎಂದು ಗರಡಿಯ ಹುಡುಗರಿಗೆಲ್ಲ ಹೇಳಿಕೊಂಡು ಬಂದಿದ್ದ ಮನುಷ್ಯ ಅವರು. “ಓದಿರೋಳು ನೀನು, ಹೇಳ್ತೀಯ ಅಂದ್ಮೇಲೆ ಏನೋ ಇರ್ತದೆ,” ಎಂದು ತಲೆಯಾಡಿಸಿದರು. ಮರುದಿನ ಆರು ಗಂಟೆಗೆ ಯಮುನಾ ಬಂದು ಎಬ್ಬಿಸಿದಾಗ ಸೊಂಟ ಹಿಡಿದಿದೆ ಎಂದರು. ಅದರ ಮರುದಿನವೂ ಅದನ್ನೇ ಹೇಳಿದರು. ವಾರ ಕಳೆಯುವ ಹೊತ್ತಿಗೆ ಹುಡುಗಿ ಕೇಳುವುದನ್ನು ಬಿಟ್ಟಳು. ದೊಡ್ಡವಳಾದೆನಲ್ಲ, ಅದಕ್ಕೇ ತಾತನಿಗೆ ಬೇಡವಾಗಿರಬೇಕು ಎಂದುಕೊಂಡಳು.

ನವೆಂಬರಿನಲ್ಲಿ ಅಂತರ ಕಾಲೇಜು ಪಂದ್ಯ. ಯಮುನಾ ಕಂಬ ಹಿಡಿದು ತಿರುಗಲು ಹೋದಳು. ಮೈ ತಿರುಗಿತು, ಪಾದ ನೆಲದಲ್ಲೇ ಕಚ್ಚಿಕೊಂಡಿತು. ಅಂಚಿನಲ್ಲಿ ನಿಂತಿದ್ದ ಮಾಧವಿಗೆ ಮಂಡಿಯೊಳಗಿನ ಸದ್ದು ಕೇಳಿಸಿತು. ಅಂಥ ಸದ್ದಿನ ಬಗ್ಗೆ ಅವಳು ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದಳು. ಓಡಿಹೋಗಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಅವಳಿಗೆ ಏನಾಗಿದೆ ಎಂದು ಸ್ಕ್ಯಾನಿಗಿಂತ ಮೊದಲೇ ಗೊತ್ತಿತ್ತು.

ಆಟೋದಿಂದ ಹುಡುಗಿಯನ್ನು ಇಳಿಸುತ್ತಿದ್ದಂತೆ ಮನೆಯಲ್ಲಿ ಗದ್ದಲ ಎದ್ದಿತು.

“ಪುತ್ತೂರು ಕಟ್ಟು ಹಾಕ್ಸಿ! ಉಪ್ಪಾರಪೇಟೆಯಾಗೆ ಹಾಕ್ತಾರೆ, ಮೂರು ಕಟ್ಟಿಗೆ ಎದ್ದು ಓಡ್ತಾಳೆ,” ಎಂದಳು ಪಿಳ್ಳಮ್ಮ.

“ಅತ್ತೆ, ಮೂಳೆ ಮುರಿದಿಲ್ಲ. ಒಳಗಡೆ ಲಿಗಮೆಂಟ್ ಹರಿದಿದೆ. ಕಟ್ಟಿದ್ರೆ ಕೂಡ್ಕೊಳ್ಳಲ್ಲ, ಆಪರೇಷನ್ನೇ ಆಗ್ಬೇಕು.”

“ಹೆಣ್ಣುಮಗೂನ ಕಾಲು ಕುಯ್ಯಿಸ್ತೀಯಾ? ನಾಳೆ ಗಂಡಿನೋರು ಕೇಳಿದ್ರೆ ಏನೇಳ್ತೀಯ?”

“ಅಮ್ಮಾ, ಸುಮ್ನಿರು ಸ್ವಲ್ಪ,” ಎಂದ ಮಾಧವಿಯ ಗಂಡ ಬೈರಯ್ಯ. ಸುಲ್ತಾನ್‌ಪೇಟೆಯಲ್ಲಿ ಅವನದು ಮದುವೆ ಕಾರ್ಡಿನ ಅಂಗಡಿ. ಊರಿನವರ ಮದುವೆಯ ಕಾಗದದಲ್ಲಿ ಒಂದು ಒತ್ತು ತಪ್ಪಿದರೂ ಹಿಡಿಯುವವನು, ಯಮುನಾಳನ್ನು ಸಂಶೋಧನೆಗೆ ಸೇರಿಸಿಕೊಳ್ಳಲು ಹೆಂಡತಿ ತಂದ ಒಪ್ಪಿಗೆಯ ಕಾಗದಕ್ಕೆ ಓದದೆ ಸಹಿ ಹಾಕಿದ್ದ. ಈಗ ಅಪ್ಪನ ಕಡೆ ತಿರುಗಿ, “ನೀವೇನ್ ಹೇಳ್ತೀರಪ್ಪ?” ಎಂದು ಕೇಳಿದ.

ರಾಮಾಂಜಿನಪ್ಪ ಮೊಮ್ಮಗಳ ಮಂಡಿಯ ಮೇಲೆ ಅಂಗೈ ಇಟ್ಟು ನೋಡಿದರು. ಸಾವಿರ ಮಂಡಿ ನೋಡಿದ ಕೈ ಅದು. “ಮಾಧವಿ ಹೇಳ್ದಂಗೆ ಮಾಡಿ,” ಎಂದು ಹೊರಗೆ ಹೋದರು.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ತೊಡೆಯ ಹಿಂದಿನ ಒಂದು ನರ ತೆಗೆದು ಮಂಡಿಯೊಳಗೆ ಹೊಲಿದಿದ್ದಾರೆಂದು ಪಿಳ್ಳಮ್ಮ ಬೀದಿಗೆಲ್ಲ ವರದಿ ಮಾಡಿದಳು. ಡಾಕ್ಟರು ಕತ್ತರಿಸುವ ಕೆಲಸ ಮುಗಿಸಿ, “ಇನ್ನು ಉಳಿದಿದ್ದು ಮನೆಯಲ್ಲಿ, ಒಂಬತ್ತು ತಿಂಗಳು. ದಿನಾ ವ್ಯಾಯಾಮ ತಪ್ಪಬಾರದು. ನಿಮಗೆ ನಾನು ಹೇಳ್ಬೇಕಾ ಮೇಡಂ?” ಎಂದು ಮಾಧವಿಯ ಕಡೆ ನೋಡಿ ನಕ್ಕರು. ಮಂಡಿಯೊಳಗಿನ ಮೆತ್ತೆಯೂ ಹರಿದಿದೆ, ಅದು ಹೇಗೆ ಬರುತ್ತದೋ ನೋಡೋಣ ಎಂಬ ಮಾತನ್ನು ಮಾತ್ರ ನಗದೆ ಹೇಳಿದರು.

ಮನೆಯ ದಿನಚರಿಯೆಲ್ಲ ಒಂದು ಮಂಡಿಯ ಸುತ್ತ ತಿರುಗತೊಡಗಿತು. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಬೈರಯ್ಯ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನಡುವೆ ತೂತು ಕೊರೆದು, ಅಂಚು ಚುಚ್ಚದ ಹಾಗೆ ಉಜ್ಜಿ ಉಜ್ಜಿ ನಯ ಮಾಡಿ ಇಟ್ಟ. ಬೆಳಿಗ್ಗೆ ಆರಕ್ಕೆ, ಸಂಜೆ ಕಾಲೇಜಿನಿಂದ ಬಂದ ಮೇಲೆ, ಮಾಧವಿ ಮಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಬೇಕು. ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸಿ ಹತ್ತಿರ ತರಬೇಕು. ಮಂಡಿ ಎಷ್ಟು ಬಗ್ಗಿತೆಂದು ಕೋನ ಅಳೆಯುವ ಪಟ್ಟಿ ಹಿಡಿದು ಬರೆದಿಡಬೇಕು.

“ಅರವತ್ತೆರಡು. ನಿನ್ನೆ ಅರವತ್ತು ಇತ್ತು. ಇನ್ನೊಂದ್ಸಲ.”

“ಆಗಲ್ಲಮ್ಮ.”

“ಆಗತ್ತೆ. ಇವತ್ತು ಬಗ್ಗಿಸ್ಲಿಲ್ಲ ಅಂದ್ರೆ ಹಾಗೇ ಕಚ್ಕೊಂಡ್ಬಿಡತ್ತೆ.”

“ನಾನೇನು ನಿನ್ ಅರವತ್ತು ಜನದಲ್ಲಿ ಒಬ್ಳಾ? ಒಂದಿನ ಅಮ್ಮನ ಥರ ಕೂತ್ಕೊಳ್ಳೋಕೆ ಆಗಲ್ವಾ?” ಎಂದು ಹುಡುಗಿ ಅತ್ತಳು. ಮಾಧವಿ ಅಳತೆಯ ಪಟ್ಟಿ ಕೆಳಗಿಟ್ಟಳು. ಹತ್ತು ನಿಮಿಷ ಬಿಟ್ಟು ಮತ್ತೆ ಎತ್ತಿಕೊಂಡಳು. ಬೇರೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಅಜ್ಜಿಯ ಬೈಗುಳ ದಿನಾ ಕೇಳಿ ಕೇಳಿ ಯಮುನಾಳ ಮನಸ್ಸಿನಲ್ಲೂ ಅದೇ ನಾಟಿತು. ಅವಳು ತಾತನ ಜೊತೆ ಮಾತು ಬಿಟ್ಟಳು. ಅವರು ಎಳ್ಳೆಣ್ಣೆ ಬಿಸಿ ಮಾಡಿಕೊಂಡು ಬಾಗಿಲಲ್ಲಿ ನಿಂತು, “ತೊಡೆಗೆ ಮಾತ್ರ ಸವರ್ತೀನಿ ಮಗಾ, ಮಂಡಿ ಮುಟ್ಟಲ್ಲ,” ಅಂದರೆ, “ಬೇಡ. ಬೇಕಾದಾಗ ಬರ್ಲಿಲ್ಲ, ಈಗ್ಯಾಕೆ,” ಎಂದು ಗೋಡೆಗೆ ತಿರುಗಿದಳು. ರಾಮಾಂಜಿನಪ್ಪ ಎಣ್ಣೆಯ ಬಟ್ಟಲನ್ನು ಹಾಗೇ ಅಡುಗೆಮನೆಗೆ ತಂದು ಇಟ್ಟರು.

“ಮಾವ, ನಾನೇ ಹೇಳ್ತೀನಿ ಅವಳಿಗೆ,” ಎಂದಳು ಮಾಧವಿ, ದನಿ ತಗ್ಗಿಸಿ.

“ಬ್ಯಾಡ. ನಿನ್ನ ಆರು ತಿಂಗಳು ಮುಗಿಲಿ. ಕಾಲಂತೂ ಹೋಯ್ತು, ಓದಾದ್ರೂ ಉಳೀಲಿ.”

ಹೀಗೆ ಹೇಳಿದರಲ್ಲ ಎಂದು ಮಾಧವಿಗೆ ಸಮಾಧಾನವಾಯಿತು. ನಾಚಿಕೆಗೇಡಿನ ಸಮಾಧಾನ ಅದು, ಅವಳಿಗೂ ಗೊತ್ತಿತ್ತು. ಆದರೂ ಅದನ್ನು ಹಿಡಿದುಕೊಂಡು ಜನವರಿಯವರೆಗೆ ತಳ್ಳಿದಳು. ಸಂಕ್ರಾಂತಿಗೆ ಎಳ್ಳು ಬೀರಲು ಯಮುನಾ ಹೋಗಲಿಲ್ಲ. ಅವಳ ತಂಡದ ಆರಾಧನಾ ಮನೆಗೇ ಎಳ್ಳು ತಂದುಕೊಟ್ಟು, ರಾಜ್ಯ ತಂಡಕ್ಕೆ ಆಯ್ಕೆಯಾದೆ ಎಂದು ಸಂಕೋಚದಿಂದ ಹೇಳಿದಳು. ಯಮುನಾ ಅವಳ ಕೈ ಹಿಡಿದು ಚೆನ್ನಾಗಿ ಆಡು ಎಂದಳು. ಅವಳು ಹೋದ ಮೇಲೆ ಕಬ್ಬಿನ ತುಂಡನ್ನು ಬಾಯಿಗಿಡದೆ ಹಾಗೇ ಕೂತಿದ್ದಳು.

ಆರು ತಿಂಗಳು ಮುಗಿಯಿತು. ಮಾಧವಿ ಅರವತ್ತು ಫಾರಂಗಳನ್ನು ಹೊತ್ತು ತನ್ನ ಗೈಡ್ ಮಲ್ಲಿಕಾರ್ಜುನಯ್ಯನವರ ಮನೆಗೆ, ಎನ್.ಆರ್. ಕಾಲೋನಿಗೆ ಹೋದಳು. ಒಳ್ಳೆಯ ಮನುಷ್ಯ, ಅಂಕಿಗಳೆಂದರೆ ಪ್ರಾಣ. ಕ್ಯಾಲ್ಕ್ಯುಲೇಟರ್ ಒತ್ತಿ ಒತ್ತಿ ಮುಖ ಅರಳಿಸಿದರು.

“ಎ ಗುಂಪಲ್ಲಿ ಒಂದು ಮಂಡಿ, ಬಿ ಗುಂಪಲ್ಲಿ ಆರು. ನಾಲ್ಕು ಪಾಯಿಂಟ್ ಸೊನ್ನೆ ನಾಲ್ಕು ಬಂತು ಮೇಡಂ! ಇದು ಆಕಸ್ಮಿಕ ಅಲ್ಲ ಅನ್ನೋಕೆ ಮೂರು ಪಾಯಿಂಟ್ ಎಂಟು ನಾಲ್ಕು ದಾಟಿದ್ರೆ ಸಾಕಿತ್ತು. ನಿಮ್ಮ ವ್ಯಾಯಾಮದಿಂದ ಕಾಲು ಉಳಿಯತ್ತೆ ಅಂತ ಸಿದ್ಧವಾಯ್ತು. ಕೂದಲೆಳೆಯಲ್ಲಿ ದಾಟಿದ್ದೀರಿ.”

“ಆರರ ಬದ್ಲು ಐದು ಆಗಿದ್ರೆ ಸಾರ್?”

“ಬಿದ್ದುಹೋಗ್ತಿತ್ತು. ಅದೃಷ್ಟ ನಿಮ್ದು.”

ಅವರಿಗೆ ಆ ಆರನೆಯ ಮಂಡಿ ಯಾರದೆಂದು ಮರೆತಿತ್ತು. ನೆನಪಾದ ಕೂಡಲೇ ಕನ್ನಡಕ ತೆಗೆದು, “ಕ್ಷಮಿಸಿ ಮೇಡಂ,” ಅಂದರು. ಅವರ ಹೆಂಡತಿ ತಂದುಕೊಟ್ಟ ಕಾಫಿಯನ್ನು ಮಾಧವಿ ಕುಡಿದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ ಎಂದು ಅವಳ ತಾಯಿ ಹೇಳುತ್ತಿದ್ದುದು ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಇಲ್ಲಿ ಹಲ್ಲಿ ಬೀಳಲಿಲ್ಲ, ಅದರ ಮರಿ ಬಿತ್ತು.

ಮಾರನೆಯ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಮುದ್ದೆ, ಹಿತಕಿದವರೆ ಸಾರು. ಯಮುನಾ ಕುರ್ಚಿಯ ಮೇಲೆ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದಳು. ರಾಮಾಂಜಿನಪ್ಪ ಮುದ್ದೆ ಮುರಿಯುತ್ತ ಸಾಧಾರಣವಾಗಿ ಹೇಳಿದರು, “ಗರಡಿ ಬೀಗದ ಕೈ ಬೆಳಿಗ್ಗೆ ನನ್ ಶಿಷ್ಯ ಅಂಜನಪ್ಪನ ಕೈಗೆ ಕೊಟ್ಬಿಟ್ಟೆ. ಇನ್ಮೇಲೆ ಅವನೇ ನೋಡ್ಕೊಂತಾನೆ.”

ಬೈರಯ್ಯ ತಲೆಯೆತ್ತಿದ. “ಯಾಕಪ್ಪ? ನಲವತ್ತು ವರ್ಷ ನಡೆಸಿದ್ರಿ!”

“ಮನೆ ಮಗೀನ ಕಾಲು ಉಳಿಸ್ಕೊಳ್ಳದೋನು ಊರ ಹುಡುಗ್ರಿಗೆ ಏನ್ ಹೇಳ್ಕೊಡ್ಲಪ್ಪ? ನಿಮ್ಮವ್ವ ಹೇಳೋದು ಸರಿಯಾಗೇ ಐತೆ.”

“ಇವಾಗ ಬಂತು ಬುದ್ಧಿ,” ಎಂದಳು ಪಿಳ್ಳಮ್ಮ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.”

ಮಾಧವಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಮಾವ ಬೈಸಿಕೊಳ್ಳುತ್ತಾರೆ, ಒಳಗೆ ನಗುತ್ತಾರೆ ಎಂದು ಅವಳು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಆ ಮುದುಕ ತಪ್ಪು ತಮ್ಮದೇ ಎಂದು ನಂಬಿಬಿಟ್ಟಿದ್ದರು.

“ಅತ್ತೆ, ಮಾವ ಕೈಬಿಡ್ಲಿಲ್ಲ. ನಾನು ಬಿಡಿಸಿದೆ.”

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚೀಟಿ, ಬಿ ಗುಂಪು, ಲೆಕ್ಕ ಕೆಡುತ್ತದೆಂಬ ಭಯ, ಆಷಾಢದ ಆ ಬೆಳಿಗ್ಗೆ, ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡದ್ದು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

“ನಾನು ಸಹಿ ಹಾಕಿದ್ನಲ್ಲ, ಆ ಕಾಗದಾನಾ?” ಎಂದ ಬೈರಯ್ಯ.

ಯಮುನಾ ಅಮ್ಮನ ಕಡೆ ತಿರುಗಲೇ ಇಲ್ಲ. “ತಾತ, ನೀನ್ಯಾಕೆ ಹೇಳ್ಲಿಲ್ಲ?”

“ಮಾತು ಕೊಟ್ಟಿದ್ನಲ್ಲ ಮಗಾ.”

“ಎರಡು ತಿಂಗಳಿಂದ ನಾನು ನಿನ್ ಜೊತೆ ಮಾತಾಡಿಲ್ಲ. ಎಣ್ಣೆ ತಂದ್ರೆ ಓಡಿಸ್ದೆ. ಆಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಅನ್ನಿಸ್ತು. ಆಮೇಲೆ ಯೋಚ್ನೆ ಮಾಡ್ದೆ. ಅವಳು ಬ್ಯಾಡ ಅಂದ್ಲು, ನಿಜ. ಆದ್ರೆ ಸೀಸನ್ ಟೈಮಲ್ಲಿ ನಿಲ್ಲಿಸ್ಬಾರ್ದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸ್ದೆ. ಅವಳಿಗೆ ಪುಸ್ತಕ ಇತ್ತು, ನಂಗೆ ಕಣ್ಣಿತ್ತಲ್ಲ.”

ಹುಡುಗಿ ಕುರ್ಚಿಯಿಂದ ಬಗ್ಗಿ, ಎಂಜಲು ಕೈಯಲ್ಲೇ ತಾತನ ಕತ್ತು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ರಾಮಾಂಜಿನಪ್ಪ ಅವಳ ಕಾಲು ಸ್ಟೂಲಿನಿಂದ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಮಾಧವಿಗೆ ಹತ್ತಿರ ಹೋಗಬೇಕೆನಿಸಿತು. ಹೋಗಲು ಧೈರ್ಯ ಬರಲಿಲ್ಲ.

ಆ ದಿನದಿಂದ ಪಿಳ್ಳಮ್ಮ ಬೈಯುವುದನ್ನು ನಿಲ್ಲಿಸಿದಳು. ಗಂಡನನ್ನೂ ಬೈಯಲಿಲ್ಲ, ಸೊಸೆಯನ್ನೂ ಬೈಯಲಿಲ್ಲ. ಹಾಲಿನವನು ನೀರು ಬೆರೆಸಿದರೂ ಸುಮ್ಮನೆ ತೆಗೆದುಕೊಂಡಳು. ಮನೆ ಬಿಕೋ ಅಂದಿತು. ಎಂಟು ದಿನ ತಡೆದುಕೊಂಡ ಮಾಧವಿ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದಳು. “ಬೈದ್ಬಿಡಿ ಅತ್ತೆ. ಹೀಗಿರ್ಬೇಡಿ.”

“ಬೈಯಕ್ಕೆ ಮನಸ್ಸು ಬರ್ತಿಲ್ಲ ಕಣಮ್ಮ,” ಎಂದಳು ಪಿಳ್ಳಮ್ಮ. “ಬೈದ್ರೆ ಮುಗ್ದೋಯ್ತದೆ.”

ಮಾಧವಿ ಮತ್ತೆ ಎನ್.ಆರ್. ಕಾಲೋನಿಗೆ ಹೋದಳು. “ಸಾರ್, ಯಮುನಾ ಫಾರಂ ತೆಗೀಬೇಕು.”

ಮಲ್ಲಿಕಾರ್ಜುನಯ್ಯನವರು ಬಾಗಿಲು ಮುಂದೆ ಮಾಡಿ ಕೂತರು. “ಮೇಡಂ, ಮಗಳಿಗೆ ನೋವಾಯ್ತು ಅಂತ ಅಂಕಿ ತೆಗೆಯೋ ಹಾಗಿಲ್ಲ.”

“ಅದಕ್ಕಲ್ಲ ಸಾರ್. ಬೇರೆ ಯಾವುದಾದರೂ ವ್ಯಾಯಾಮ ಮಾಡ್ತಾರಾ ಅಂತ ಒಂದು ಪ್ರಶ್ನೆ ಇದೆಯಲ್ಲ ಫಾರಂನಲ್ಲಿ. ಇಲ್ಲ ಅಂತ ಬರ್ದಿದೀನಿ. ಒಂಬತ್ತು ವರ್ಷದಿಂದ ಮಾಡ್ತಿದ್ಲು, ನಾನು ನಿಲ್ಲಿಸಿದೆ. ಮಾಮೂಲಾಗಿ ಆಡಿ ಬಿದ್ದ ಕಾಲಲ್ಲ ಅದು, ನಾನು ಬೀಳಿಸಿದ ಕಾಲು. ಲೆಕ್ಕಕ್ಕೆ ಬರಲ್ಲ.”

ಅವರು ಯಮುನಾಳ ಫಾರಂ ಹುಡುಕಿ ತೆಗೆದು ಆ ಪ್ರಶ್ನೆ ನೋಡಿದರು. ಆಮೇಲೆ ತಾವೇ ಕ್ಯಾಲ್ಕ್ಯುಲೇಟರ್ ಎತ್ತಿಕೊಂಡರು. “ಮೂರು ಪಾಯಿಂಟ್ ಒಂದು ಎರಡು. ಸಿದ್ಧವಾಗಲ್ಲ. ಇನ್ನೊಂದು ವರ್ಷ ಮಾಡ್ಬೇಕಾಗತ್ತೆ. ಹೊಸ ಹುಡುಗೀರು, ಹೊಸ ಚೀಟಿ.”

“ಮತ್ತೆ ಮೂವತ್ತು ಜನಕ್ಕೆ ಹೇಳ್ಕೊಡದೆ ಬಿಡ್ಬೇಕು.”

“ಬೇರೆ ದಾರಿ ಇಲ್ವಲ್ಲ ಮೇಡಂ. ಒಬ್ಬರಿಗೆ ಕೊಡದೆ ಇನ್ನೊಬ್ಬರಿಗೆ ಕೊಟ್ಟಾಗ್ಲೇ ಗೊತ್ತಾಗೋದು.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದು ಮಾಧವಿಗೂ ಗೊತ್ತಿತ್ತು. ಮಾರ್ಚಿನಲ್ಲಿ ಯಮುನಾ ಪಕ್ಕದಲ್ಲಿ ಇನ್ನೊಂದು ಬೆಂಚು ಹಾಕಿಸಿಕೊಂಡು, ಕಾಲು ಚಾಚಿ ಪಿಯುಸಿ ಪರೀಕ್ಷೆ ಬರೆದಳು. ಜೂನಿನಲ್ಲಿ ಕಾಲೇಜು ತೆರೆದಾಗ ಮಾಧವಿ ಹೊಸ ಹುಡುಗಿಯರನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದಳು. ಡಬ್ಬಿ ತರಲಿಲ್ಲ, ಪಟ್ಟಿ ಮಾಡಲಿಲ್ಲ. ಎಲ್ಲರಿಗೂ ಒಂಟಿಕಾಲಲ್ಲಿ ನಿಲ್ಲಲು ಹೇಳಿದಳು.

“ಮೇಡಂ, ಇದ್ ಮಾಡಿದ್ರೆ ಮಂಡಿ ಹೋಗಲ್ವಾ?” ಎಂದು ಒಬ್ಬಳು ಕೇಳಿದಳು.

“ಗೊತ್ತಿಲ್ಲ,” ಎಂದಳು ಮಾಧವಿ. “ಮಾಡಿ.”

ಮನೆಯಲ್ಲಿ ವ್ಯಾಯಾಮ ಮಾಡಿಸುವ ಕೆಲಸ ತಾತನಿಗೆ ಹೋಗಿತ್ತು. ಯಾವ ವಾರ ಏನು ಮಾಡಬೇಕು, ಏನು ಮಾಡಬಾರದು ಎಂದು ಮಾಧವಿ ಕಾಗದದಲ್ಲಿ ಬರೆದು ಕೊಡುತ್ತಿದ್ದಳು. ರಾಮಾಂಜಿನಪ್ಪ ಅದನ್ನು ಬೈರಯ್ಯನ ಕೈಲಿ ಓದಿಸಿಕೊಂಡು ಹಾಗೇ ಮಾಡಿಸುತ್ತಿದ್ದರು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಗರಡಿಗೆ ಮಾತ್ರ ಅವರು ಮತ್ತೆ ಹೋಗಲಿಲ್ಲ. ಅಂಜನಪ್ಪ ಎರಡು ಸಲ ಬಂದು ಕರೆದ. ಮಂಡಿನೋವು ಕಣಪ್ಪ ಎಂದು ಕಳಿಸಿಬಿಟ್ಟರು. ಯಮುನಾ ಅಮ್ಮನ ಜೊತೆ ಜಗಳ ಆಡುತ್ತಿರಲಿಲ್ಲ. ಸಾಬೂನು ಖಾಲಿಯಾಗಿದೆ, ಬಸ್ ಪಾಸ್ ಮಾಡಿಸಬೇಕು, ಇಂಥ ಮಾತಿಗೆ ಕೊರತೆಯಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಒಂಬತ್ತು ತಿಂಗಳು ತುಂಬಿದ ಮೇಲೆ, ತಾಯಿ ಮಗಳು ಕೊನೆಯ ತಪಾಸಣೆಗೆ ಹೋದರು. ಡಾಕ್ಟರು ಮಂಡಿಯನ್ನು ಆ ಕಡೆ ಈ ಕಡೆ ಎಳೆದು ನೋಡಿದರು. “ನಡೀಬೋದು, ಮೆಟ್ಲು ಹತ್ಬೋದು, ಸ್ಕೂಟಿ ಓಡಿಸ್ಬೋದು. ಖೋಖೋ ಬೇಡಮ್ಮ. ಒಳಗಡೆ ಮೆತ್ತೆ ಉಳಿದಿಲ್ಲ. ಇನ್ನೊಂದ್ಸಲ ತಿರುಗಿದ್ರೆ ನಡಿಗೇನೂ ಹೋಗತ್ತೆ.”

“ಸರಿ ಡಾಕ್ಟ್ರೇ,” ಎಂದಳು ಯಮುನಾ. ಅಳಲಿಲ್ಲ. ಅಳುವುದನ್ನು ಅವಳು ಯಾವಾಗಲೋ ಮುಗಿಸಿಕೊಂಡಿದ್ದಳೋ ಏನೋ.

ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಮುದುಕರಿಬ್ಬರೂ ಮಲಗಿದ್ದರು. ಮಾಧವಿ ಅನ್ನ ಬಿಸಿ ಮಾಡಿ ಮಗಳಿಗೆ ಬಡಿಸಿದಳು. ಯಮುನಾ ನಾಲ್ಕು ತುತ್ತು ತಿಂದಳು. ಆಮೇಲೆ, ಎಷ್ಟೋ ತಿಂಗಳ ಮೇಲೆ, ಅಮ್ಮನ ಮುಖ ನೋಡಿ ಕೇಳಿದಳು.

“ತಾತನ್ನ ನಿಲ್ಲಿಸೋವಾಗ ನಿಂಗೆ ಒಂದ್ಸಲಾನೂ ಭಯ ಆಗ್ಲಿಲ್ವಾಮ್ಮ?”

ಸುಳ್ಳು ಹೇಳಬಹುದಿತ್ತು. ಆಯಿತು ಅಂದಿದ್ದರೆ ಹುಡುಗಿಗೆ ಸ್ವಲ್ಪ ತಂಪಾಗುತ್ತಿತ್ತೋ ಏನೋ. ಮಾಧವಿಗೆ ನಾಲಿಗೆ ಹೊರಳಲಿಲ್ಲ.

“ಆಗ್ಲಿಲ್ಲ ಕಣೇ.”

“ಯಾಕೆ? ಬಿ ಗುಂಪಲ್ಲಿ ಐದಾರು ಜನದ ಕಾಲು ಹೋಗತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ಲ.”

“ಗೊತ್ತಿತ್ತು. ಆ ಐದಾರರಲ್ಲಿ ನೀನಿರ್ತೀಯ ಅಂತ ಅಂದ್ಕೊಳ್ಲಿಲ್ಲ. ನೀನು ಬೀಳಲ್ಲ ಅಂತಾನೇ ನಂಬಿದ್ದೆ.”

ಯಮುನಾ ತಟ್ಟೆಯ ಅನ್ನವನ್ನು ಒಂದು ಬದಿಗೆ ಸರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಎಲ್ಲಾ ಮಕ್ಕಳಿಗೂ ಒಂದೇ ನ್ಯಾಯ ಅಂತ ಚೂಡಾಮಣಿ ಮೇಡಂಗೆ ಹೇಳಿದ್ಯಂತೆ, ಅವರೇ ನನ್ನತ್ರ ಹೇಳಿದ್ರು. ಹಂಗಲ್ಲಮ್ಮ ನೀನು ಮಾಡಿದ್ದು. ಬೀಳೋರು ಬೇರೆಯವರ ಮಕ್ಕಳು ಅಂದ್ಕೊಂಡು ನನ್ನ ಹೆಸರು ಸೇರಿಸ್ದೆ.”

ಮಾಧವಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಯಮುನಾ ತಟ್ಟೆ ಎತ್ತಿಕೊಂಡು, ಮೇಜಿನ ಅಂಚು ಹಿಡಿದು ಎದ್ದು, ಕೈ ತೊಳೆಯಲು ಬಚ್ಚಲಿಗೆ ಹೋದಳು.